ಚಿನ್ನುವಿನ ಸೋಮವಾರ

ಕಾಗಾಲದ ನಿತ್ಯಾನಂದನಿಗೆ ಕೆಟ್ಟ ಚಟಗಳೇನೂ ಇರಲಿಲ್ಲ. ಬೀಡಿ ಸೇದುವವನಲ್ಲ, ಇಸ್ಪೀಟಿಗೆ ಕೂರುವವನಲ್ಲ. ಮೇಲಿನವರು ಏನಾದರೂ ಕಷ್ಟ ಹೇಳಿಕೊಂಡರೆ ತಡೆಯಲಾರದೆ ಅದನ್ನು ತನ್ನ ತಲೆಗೆ ಎಳೆದುಕೊಳ್ಳುವುದೊಂದೇ ಅವನ ದೌರ್ಬಲ್ಯ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಅದು ನೆನಪಾಗುತ್ತಿದ್ದುದು ಬಾಯಿ ಮುಚ್ಚಿದ ಮೇಲೆ.

ಅವನು ಒಂದು ಸಹಕಾರಿ ಸಂಘದ ಭಟ್ಕಳ ಶಾಖೆಯಲ್ಲಿ ಗುಮಾಸ್ತ. ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸಿಗೆ ಕುಮಟೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊನ್ನಾವರ ದಾಟಿ ಭಟ್ಕಳ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ವರ್ಷಗಟ್ಟಲೆ ಹೀಗೆ ಓಡಾಡಿ ಅವನ ಮಗಳು ಅಪ್ಪನನ್ನು ಹಗಲು ಬೆಳಕಿನಲ್ಲಿ ಕಾಣುವುದು ಭಾನುವಾರ ಮಾತ್ರ ಎಂಬಂತಾಗಿತ್ತು. ಈಗ ಕುಮಟೆಯ ಮುಖ್ಯ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ನಿತ್ಯಾನಂದ ಮತ್ತು ಅದೇ ಶಾಖೆಯ ರಾಜೇಶ. ಯಾರನ್ನು ಕೂರಿಸಬೇಕೆಂಬುದು ಸಂಘದ ಸೆಕ್ರೆಟರಿ ಸುಧಾಕರರ ಕೈಯಲ್ಲಿತ್ತು.

ಶನಿವಾರ ಇಬ್ಬರೂ ಏನೋ ಕೆಲಸಕ್ಕೆ ಮುಖ್ಯ ಕಚೇರಿಗೆ ಹೋದಾಗ ಸುಧಾಕರರು ಮುಖ ಇಳಿಬಿಟ್ಟು ಕೂತಿದ್ದರು. ಅವರಿಗೆ ಮಕ್ಕಳಿಲ್ಲ, ಆಸ್ಟ್ರೇಲಿಯಾ ಮೂಲದ ಒಂದು ಗಡ್ಡದ ಓತಿಕ್ಯಾತವಿದೆ. ಲೈಸೆನ್ಸ್ ಇಟ್ಟುಕೊಂಡೇ ಸಾಕಿದ್ದು. ಹೆಸರು ಚಿನ್ನು. ಅದಕ್ಕೆ ಹುಳ ಬರುವುದು ಪುಣೆಯಿಂದ ಕೊರಿಯರಿನಲ್ಲಿ, ಮತ್ತು ಆ ವಾರದ ಕೊರಿಯರು ಬಂದಿರಲಿಲ್ಲ. ಚಿನ್ನು ಉಪವಾಸ ಬಿದ್ದಿತ್ತು. ಸಾಲದ್ದಕ್ಕೆ ಸೋಮವಾರ ಗಂಡ ಹೆಂಡತಿ ಇಬ್ಬರೂ ಕಾರವಾರಕ್ಕೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಲೇಬೇಕಿತ್ತು. ಇದನ್ನೆಲ್ಲ ಕೇಳಿದ ರಾಜೇಶ, ತನಗೆ ಗೋಡೆಯ ಮೇಲಿನ ಹಲ್ಲಿ ಕಂಡರೂ ಚಳಿಜ್ವರ ಬರುತ್ತದೆ ಎಂದು ಹೇಳಿ ಬಾಗಿಲ ಕಡೆ ಎರಡು ಹೆಜ್ಜೆ ಸರಿದ. ನಿತ್ಯಾನಂದನಿಗೆ ಕುಮಟೆಯ ಕುರ್ಚಿ ಎದುರಿಗೇ ಬಂದು ನಿಂತಂತಾಯಿತು.

"ನಮ್ಮ ಕಾಗಾಲದಲ್ಲಿ ಹುಳಕ್ಕೆ ಬರವೇ ಸರ್? ನನ್ನ ಹತ್ರ ಬಿಡಿ. ಸಂಜೆ ನೀವು ಬರೂದ್ರೊಳಗೆ ಹೊಟ್ಟೆ ತುಂಬಿರ್ತದೆ," ಎಂದ.

ಸೋಮವಾರ ಬೆಳಿಗ್ಗೆ ಸುಧಾಕರರ ಕಾರು ಸುತ್ತುಬಳಸಿ ಕಾಗಾಲಕ್ಕೆ ಬಂತು. ಗಾಜಿನ ಪೆಟ್ಟಿಗೆ, ಅದರ ಮೇಲೊಂದು ಬಲ್ಬು, ಒಳಗೆ ಕೊರಡಿನ ಮೇಲೆ ಮೊಳದುದ್ದದ ಚಿನ್ನು. ಆ ದಿನ ನಿತ್ಯಾನಂದನಿಗೆ ಆಫೀಸ್ ಡ್ಯೂಟಿ ಎಂದೇ ಬರೆದುಕೊಳ್ಳುವುದಾಗಿ ಸುಧಾಕರರು ಹೇಳಿದರು. ಆಮೇಲೆ ನಿಯಮಗಳು. ಹುಳ ಜೀವಂತ ಇರಬೇಕು. ಚಿನ್ನುವಿನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಔಷಧಿ ಹೊಡೆದ ಗದ್ದೆಯದು ಬೇಡ. ಮಿಂಚುಹುಳವಂತೂ ವಿಷ. ಸಾಧ್ಯವಾದರೆ ಹುಳಕ್ಕೆ ಸ್ವಲ್ಪ ಕ್ಯಾಲ್ಸಿಯಂ ಪುಡಿ ಸವರಬೇಕು, ಆದರೆ ಪುಡಿಯೂ ಕೊರಿಯರಿನಲ್ಲೇ ಸಿಕ್ಕಿಕೊಂಡಿತ್ತು. ಸುಧಾಕರರ ಹೆಂಡತಿ ಧನ್ಯಾ ಗಾಜಿನ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡರು. ಮಗುವನ್ನು ಹಾಸ್ಟೆಲ್ಲಿಗೆ ಬಿಟ್ಟು ಹೋಗುವ ತಾಯಿಯ ಹಾಗೆ ಹಿಂತಿರುಗಿ ನೋಡುತ್ತಲೇ ಕಾರು ಹತ್ತಿದರು.

ಕಾರು ಮರೆಯಾದ ಮೇಲೆ ನಿತ್ಯಾನಂದನ ತಾಯಿ ದುರ್ಗಿ ಒಳಗಿನಿಂದ ಬಂದಳು. ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದು ಎಂತ ತಿನ್ನುತ್ತದೆ ಎಂದು ಕೇಳಿದಳು. ಹುಳ ಎಂದ ಮಗ. ಸತ್ತದ್ದೋ ಬದುಕಿದ್ದೋ ಎಂದು ಕೇಳಿದಳು. ಬದುಕಿದ್ದು ಎಂದ.

"ಇಂದು ಸೋಮವಾರ," ಎಂದಳು ದುರ್ಗಿ. ಮಾತು ಅಲ್ಲಿಗೆ ಮುಗಿಯಿತು.

ಈ ಸೀಮೆಯಲ್ಲಿ ಮೀನು ತಿನ್ನುವ ಮನೆಗಳಿಗೆ ಒಂದೊಂದು ವಾರವಿದೆ. ಆ ದಿನ ಮೀನಿನ ಮಡಿಕೆ ಕವುಚಿ ಇಡಬೇಕು. ಕೆಲವರದು ಗುರುವಾರ, ಕೆಲವರದು ಶನಿವಾರ. ದುರ್ಗಿಯದು ಸೋಮವಾರ, ಅದೂ ಕಲ್ಲಿನಲ್ಲಿ ಕೊರೆದ ಸೋಮವಾರ. ಆ ಮನೆಯ ಬೆಕ್ಕಿಗೂ ಅಂದು ಮಜ್ಜಿಗೆ ಅನ್ನವೇ. ಬೆಕ್ಕು ಬುದ್ಧಿವಂತ ಪ್ರಾಣಿ. ಸೋಮವಾರ ಬೆಳಗಾದರೆ ಬೇಲಿ ಹಾರಿ ಪಕ್ಕದ ಬೀರಪ್ಪನ ಮನೆಗೆ ಹೋಗಿ ಕೂತುಬಿಡುತ್ತಿತ್ತು. ನಿತ್ಯಾನಂದನಿಗೂ ಬೆಕ್ಕಿನ ದಾರಿಯೇ ಸರಿಯೆನಿಸಿತು. ಪೆಟ್ಟಿಗೆ ಎತ್ತಿಕೊಂಡು ಬೇಲಿ ದಾಟಿದ.

ಬೀರಪ್ಪ ಮೀನುಗಾರ. ದೋಣಿಯ ಇಂಜಿನ್ನು ರಿಪೇರಿಗೆ ಹೋಗಿದ್ದರಿಂದ ಮನೆಯಲ್ಲಿದ್ದ, ಮತ್ತು ಕೆಲಸವಿಲ್ಲದ ಮೀನುಗಾರನಷ್ಟು ಉಪಕಾರಿ ಮನುಷ್ಯ ಪ್ರಪಂಚದಲ್ಲಿಲ್ಲ. ಯಾವ ಮೀನಿಗೆ ಯಾವ ಗಾಳ, ಯಾವ ಗಾಳಕ್ಕೆ ಯಾವ ಎರೆ ಎಂದು ಅಪ್ಪನ ಕಾಲದಿಂದ ತಿಳಿದವನು ತಾನು, ಒಂದು ಓತಿಕ್ಯಾತ ಯಾವ ಲೆಕ್ಕ ಎಂದ. ಮೊದಲು ಒಣ ಸಿಗಡಿಯ ಶೆಟ್ಲಿ ತಂದು ಮೂಗಿನ ಮುಂದೆ ಹಿಡಿದ. ಚಿನ್ನು ಕಣ್ಣು ಮುಚ್ಚಿತು. ಎರೆಹುಳ ತಂದ. ಚಿನ್ನು ಬೆನ್ನು ತಿರುಗಿಸಿತು. ಬೀರಪ್ಪನ ಹೆಂಡತಿ ಕಮಲಿ, ಮಾವಿನ ಮರದ ಚಗಳಿ ಇರುವೆಗೆ ಹುಳಿರುಚಿ ಇರುತ್ತದೆ, ಜಡ್ಡುಬಿದ್ದ ನಾಲಿಗೆಗೆ ಅದೇ ಮದ್ದು ಎಂದಳು. ಮರ ಹತ್ತುವ ಕೆಲಸ ನಿತ್ಯಾನಂದನಿಗೆ ಬಂತು. ಕೆಂಪಿರುವೆಗಳು ಅವನ ಅಂಗಿಯೊಳಗೆ ಹೊಕ್ಕು, ತಿನ್ನಬೇಕಾದವರು ಯಾರು ತಿನ್ನಿಸಿಕೊಳ್ಳಬೇಕಾದವರು ಯಾರು ಎಂಬುದನ್ನೇ ಅದಲುಬದಲು ಮಾಡಿದವು. ಮರದಿಂದ ಇಳಿಯುವಾಗ ಅವನ ಅಂಗಿ ಮೇಲಿನ ಕೊಂಬೆಯಲ್ಲೇ ಉಳಿಯಿತು.

ಬೀರಪ್ಪ ಸೋಲಲಿಲ್ಲ. ಕಟ್ಟಿಗೆ ರಾಶಿ ಕೆದಕಿ ದೊಡ್ಡದೊಂದು ಜಿರಲೆ ಹಿಡಿದ. ಅದನ್ನು ಗಾಳದ ದಾರಕ್ಕೆ ಕಟ್ಟಿದ. ಕ್ಯಾಲ್ಸಿಯಂ ಎಂದರೆ ಸುಣ್ಣ ತಾನೇ ಎಂದು ಹೆಂಡತಿಯ ಎಲೆಯಡಿಕೆ ಡಬ್ಬಿಯಿಂದ ಚಿಪ್ಪಿ ಸುಣ್ಣ ತೆಗೆದು ಅದರ ಬೆನ್ನಿಗೆ ಸವರಿದ. ಬಿಳಿ ಅಂಗಿ ತೊಟ್ಟ ಪುಢಾರಿಯಂತೆ ಕಾಣುತ್ತಿದ್ದ ಆ ಜಿರಲೆಯನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟು, ನಿಜವಾದ ಮೀನು ಹಿಡಿಯುವವನ ತಾಳ್ಮೆಯಿಂದ ದಾರ ಕುಣಿಸತೊಡಗಿದ.

ಅಷ್ಟರಲ್ಲಿ ನಿತ್ಯಾನಂದನ ಹೆಂಡತಿ ನೇತ್ರಾ ಬೇಲಿಯ ಆಚೆಯಿಂದ ನೋಡಿ ಓಡಿ ಬಂದಳು.

"ಸುಣ್ಣ ತಿಂದ್ರೆ ಬಾಯಿ ಬೆಂದು ಹೋಗ್ತದೆ, ತೆಗೀರಿ ಮೊದ್ಲು," ಎಂದು ದಾರ ಎಳೆದಳು.

ಎಳೆದ ರಭಸಕ್ಕೆ ಜಿರಲೆ ಪೆಟ್ಟಿಗೆಯಿಂದ ಹಾರಿ ಅಂಗಳಕ್ಕೆ ಬಿತ್ತು. ಬೆಕ್ಕು ಬೆಳಗಿನಿಂದ ಇದಕ್ಕೇ ಕಾದಿದ್ದಂತೆ ಅದನ್ನು ಕಚ್ಚಿಕೊಂಡು ಓಡಿತು. ಬೆಕ್ಕಿನ ಹಿಂದೆ ದಾರ, ದಾರದ ಹಿಂದೆ ಗಾಳದ ಕೋಲು, ಕೋಲಿನ ಹಿಂದೆ ಬೀರಪ್ಪ. ಸುಣ್ಣದ ರುಚಿ ಹತ್ತಿದ ಕೂಡಲೇ ಬೆಕ್ಕು ಜಿರಲೆಯನ್ನು ಉಗಿದು, ಬೀರಪ್ಪನನ್ನು ಒಮ್ಮೆ ದುರುಗುಟ್ಟಿ ನೋಡಿ, ಸೋಮವಾರವಾದರೂ ಚಿಂತೆಯಿಲ್ಲವೆಂದು ದುರ್ಗಿಯ ಮನೆಗೇ ವಾಪಸ್ಸಾಯಿತು.

ನೇತ್ರಾ ಹೇಳಿದ್ದು ನೇರವಾಗಿತ್ತು. ಕಾಗಾಲದ ಗಜನಿ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ, ಅಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಅಲ್ಲಿಯ ಮಿಡತೆ ಶುದ್ಧ. ಕಣ್ಣಿನ ಅಂತರ ಅಳೆಯಲು ಅವಳು ಒಂದು ತೆಂಗಿನ ಗರಿಯ ಕಡ್ಡಿಯನ್ನು ಚಿನ್ನುವಿನ ತಲೆಯ ಮೇಲೆ ಹಿಡಿದು, ಸರಿಯಾಗಿ ಮುರಿದು, ಗಂಡನ ಕೈಗೆ ಕೊಟ್ಟಳು.

ಹೀಗೆ ಸಂಘದ ಗುಮಾಸ್ತ ನಿತ್ಯಾನಂದ ಬನಿಯನ್ನಿನಲ್ಲಿ, ಒಂದು ಕೈಯಲ್ಲಿ ಟವೆಲು, ಇನ್ನೊಂದು ಕೈಯಲ್ಲಿ ತನ್ನದೇ ಊಟದ ಡಬ್ಬಿ ಹಿಡಿದು ಗದ್ದೆಗೆ ಇಳಿದ. ಮಿಡತೆ ಹಿಡಿಯುವುದು ಸುಲಭ. ಹಿಡಿದ ಮಿಡತೆಯನ್ನು ಕಡ್ಡಿಗೆ ಹಿಡಿದು ಅಳೆಯುವುದು ಕಷ್ಟ. ದೊಡ್ಡವನ್ನು ಬಿಟ್ಟು ಸಣ್ಣವನ್ನು ಆರಿಸುತ್ತ ಎರಡು ಸಲ ಕೆಸರಿಗೆ ಬಿದ್ದ. ಏರಿಯ ಮೇಲೆ ಹೋಗುತ್ತಿದ್ದವರು ನಿಂತು, ಎಂತ ಸರ್ವೆ ಎಂದು ಕೇಳಿದರು. ಸರ್ಕಾರದ್ದು ಎಂದ. ಹಾಗಾದರೆ ಪರಿಹಾರ ಯಾವಾಗ ಬರುತ್ತದೆ ಎಂದು ಕೇಳಿದರು. ಅವರಿಗೆ ಉತ್ತರ ಕೊಟ್ಟು ಪಾರಾಗುವುದಕ್ಕೆ ಮಿಡತೆ ಹಿಡಿದಷ್ಟೇ ಹೊತ್ತು ಬೇಕಾಯಿತು.

ಡಬ್ಬಿ ತುಂಬ ಹಸಿರು ಮಿಡತೆ ತುಂಬಿಸಿಕೊಂಡು ಬರುವಾಗ ಬೀರಪ್ಪನ ಜಗಲಿಯಲ್ಲಿ ಪೆಟ್ಟಿಗೆ ಇರಲಿಲ್ಲ. ದುರ್ಗಿ ಅದನ್ನು ತನ್ನ ಮನೆಗೆ ವಾಪಸ್ಸು ಹೊತ್ತು ತಂದಿದ್ದಳು. ನಮ್ಮ ಮನೆಗೆ ಬಂದ ನೆಂಟ, ಪಕ್ಕದ ಮನೆಯಲ್ಲಿ ಉಂಡ ಎಂದರೆ ಊರಿನಲ್ಲಿ ತಾನು ತಲೆ ಎತ್ತುವುದು ಹೇಗೆ ಎಂಬುದು ಅವಳ ಪ್ರಶ್ನೆ. ತನ್ನ ಮನೆಯಲ್ಲಿ ಉಣ್ಣಬಾರದು, ಬೇರೆಯವರ ಮನೆಯಲ್ಲೂ ಉಣ್ಣಬಾರದು. ಹಾಗಾದರೆ ಇದು ಸಂಜೆಯೊಳಗೆ ಸತ್ತರೆ ನನ್ನ ಕುಮಟೆ ಕೆಲಸವೂ ಸಾಯುತ್ತದೆ ಎಂದು ನಿತ್ಯಾನಂದ ತಲೆಗೆ ಕೈ ಹೊತ್ತು ಕೂತ. ಮಗನ ಮುಖ ಕಂಡು ದುರ್ಗಿಗೂ ಕರುಳು ಚುರ್ರೆಂದಿತು. ಅವಳು ಹುಟ್ಟಿಸಿದ ಕಾನೂನಿನ ಸಂದಿಯನ್ನು ಅವಳೇ ಹುಡುಕಿದಳು.

"ನೆಂಟನಿಗೆ ನೆಂಟನ ಮನೆ ವಾರ. ಅದರ ಮನೇಲಿ ಯಾವ ವಾರ ಅಂತ ಕೇಳು. ಸೋಮವಾರ ಅಲ್ದಿದ್ರೆ ತಿನ್ಲಿ, ನಮಗೆ ಪಾಪ ಇಲ್ಲ," ಎಂದಳು.

ಚಿನ್ನು ಇನ್ನೂ ತಿಂದಿಲ್ಲವೆಂದು ಸೆಕ್ರೆಟರಿಗೆ ತಿಳಿಯುವಂತಿಲ್ಲ. ಆದ್ದರಿಂದ ನಿತ್ಯಾನಂದ ಧನ್ಯಾರಿಗೆ ಫೋನು ಮಾಡಿ, ಚಿನ್ನು ಆರಾಮಾಗಿದೆ ಎಂದು ಹೇಳಿ, ಮಾತಿನ ನಡುವೆ ಸಹಜವಾಗಿ ಎಂಬಂತೆ, ನಿಮ್ಮ ಮನೆಯಲ್ಲಿ ಮೀನು ಬಿಡುವ ವಾರ ಯಾವುದು ಮೇಡಮ್ ಎಂದು ಕೇಳಿದ. ಧನ್ಯಾ, ಶನಿವಾರ ಮಾತ್ರ, ಸೋಮವಾರ ಅಂಥ ನಿಯಮವೇನೂ ಇಲ್ಲ ಎಂದರು. ಅವರ ದನಿಯಲ್ಲಿ ಒಂದು ವಿಶೇಷ ಪ್ರೀತಿ ಇತ್ತು. ಅದು ಯಾಕೆಂದು ಯೋಚಿಸುವಷ್ಟು ವ್ಯವಧಾನ ನಿತ್ಯಾನಂದನಿಗೆ ಇರಲಿಲ್ಲ.

ಅಪ್ಪಣೆ ಸಿಕ್ಕಿತು. ಡಬ್ಬಿ ತೆರೆದು ಒಂದು ಮಿಡತೆಯನ್ನು ಕಾಲು ಹಿಡಿದು ಒಳಗೆ ಬಿಟ್ಟ. ಮಿಡತೆ ಚಿನ್ನುವಿನ ತಲೆಯ ಮೇಲೆ ಹತ್ತಿ ಕೂತಿತು. ಚಿನ್ನು ಅಲುಗಲಿಲ್ಲ. ಇನ್ನೊಂದು ಬಿಟ್ಟ. ಅದು ಬಾಲದ ಮೇಲೆ ಕೂತಿತು. ಚಿನ್ನು ಕಲ್ಲು ದೇವರ ಹಾಗೆ ಕಣ್ಣು ಮುಚ್ಚಿಯೇ ಇತ್ತು. ಈಗ ನಿತ್ಯಾನಂದನಿಗೆ ನಿಜವಾಗಿ ಹೆದರಿಕೆಯಾಯಿತು.

ಆಗಲೇ ಸೆಕ್ರೆಟರಿಯ ಫೋನು ಬಂತು.

"ಏನಪ್ಪಾ, ಧನ್ಯಾ ಹೇಳಿದಳು. ನಿನಗೆ ಯಾಕೆ ಇಷ್ಟೊಂದು ತೊಂದರೆ? ಆದರೂ ಪ್ರೀತಿಯಿಂದ ಕರೆದಿದ್ದೀಯ, ಇಲ್ಲ ಅನ್ನುವುದಕ್ಕಾಗುವುದಿಲ್ಲ. ಇಲ್ಲಿ ಬರೀ ಪಾಯಸದ ಊಟ, ನಾವಿಬ್ಬರೂ ಹೊಟ್ಟೆ ಖಾಲಿ ಇಟ್ಟುಕೊಂಡೇ ಬರುತ್ತೇವೆ. ಅಘನಾಶಿನಿ ಹೊಳೆಯ ಬೆಳಚು ಸಿಕ್ಕರೆ ಸಾಕು, ಹೆಚ್ಚೇನೂ ಮಾಡಿಸಬೇಡ."

ಫೋನು ಇಟ್ಟ ಮೇಲೆ ನಿತ್ಯಾನಂದನಿಗೆ ಆ ವಿಶೇಷ ಪ್ರೀತಿಯ ಅರ್ಥವಾಯಿತು. ತಪ್ಪು ಧನ್ಯಾರದಲ್ಲ. ಕುಮಟೆಯಿಂದ ಭಟ್ಕಳದವರೆಗೆ ಯಾರ ಮನೆಯಲ್ಲಾದರೂ ಕೇಳಿ ನೋಡಿ: ನಿಮಗೆ ಯಾವ ವಾರ ಮೀನು ಇಲ್ಲ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದು ಊಟಕ್ಕೆ ಕರೆಯುವ ಮುಂಚೆ ಮಾತ್ರ.

ದುರ್ಗಿ ಸುದ್ದಿ ಕೇಳಿ ಜಗಲಿಯ ಕಂಬಕ್ಕೆ ಒರಗಿದಳು. ನೆಂಟನಿಗೆ ನೆಂಟನ ಮನೆ ವಾರ ಎಂದು ತೀರ್ಪು ಕೊಟ್ಟವಳು ಅವಳೇ. ಓತಿಕ್ಯಾತಕ್ಕೆ ಒಂದು ನ್ಯಾಯ, ಅದರ ಯಜಮಾನನಿಗೆ ಒಂದು ನ್ಯಾಯ ಮಾಡುವ ಹಾಗಿಲ್ಲ. ಸ್ವಲ್ಪ ಹೊತ್ತು ಶಿವನನ್ನು ನೆನೆದಳು. ಆಮೇಲೆ ಎದ್ದು ಅಂಗಳಕ್ಕೆ ಇಳಿದು, ಸೂರಿನ ನೀರು ಬಿದ್ದು ನೆಲ ಗುಳಿಯಾದ ಗೆರೆಯನ್ನು ಕಾಲ ಬೆರಳಿನಿಂದ ತೋರಿಸಿದಳು.

"ಈ ಗೆರೆಯಿಂದ ಆಚೆ ಮನೆ ಅಲ್ಲ. ಇಲ್ಲಿ ಮೂರು ಕಲ್ಲು ಇಡಿ," ಎಂದಳು. ಬೆಳಗಿನಿಂದ ಮಗ ಹುಳ ಹಿಡಿದುಕೊಂಡು ಅಂಡಲೆಯುವಾಗ ಈ ಗೆರೆ ಎಲ್ಲಿಗೆ ಹೋಗಿತ್ತು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಅಂಗಳ ಮದುವೆ ಮನೆಯಾಯಿತು. ಬೀರಪ್ಪ ಹೊಳೆಯ ಕೆಸರಿನಿಂದ ಬೆಳಚಿನ ಚಿಪ್ಪು ಹೆಕ್ಕಿ ತಂದ, ಪೇಟೆಯಿಂದ ನೊಗಲಿ ಮೀನು ತಂದ. ಕಮಲಿ ತನ್ನ ಮನೆಯ ಮಡಿಕೆ ಕೊಟ್ಟಳು. ನೇತ್ರಾ ಮಸಾಲೆ ಕಡೆದಳು. ದುರ್ಗಿ ಗೆರೆಯಿಂದ ಈಚೆ ನಿಂತು, ಮೂಗಿಗೆ ಸೆರಗು ಮುಚ್ಚಿ, ಉಪ್ಪು ಹುಳಿ ಎಷ್ಟೆಂದು ಆಚೆಯವರಿಗೆ ಹೇಳುತ್ತಿದ್ದಳು. ಕಂಬ ಬದಲಿಸುವುದಕ್ಕೆಂದು ಬೆಳಗಿನಿಂದ ಊರಿಗೇ ಕರೆಂಟು ಇರಲಿಲ್ಲ. ಆಕಾಶವೂ ಮೋಡ ಕಟ್ಟಿತ್ತು. ಜಗಲಿಯಲ್ಲಿ ಕತ್ತಲೆಂದು ನಿತ್ಯಾನಂದ ಪೆಟ್ಟಿಗೆಯನ್ನು ಒಲೆಯ ಹತ್ತಿರ ತಂದಿಟ್ಟು, ಇದರ ಕೊನೆಯ ಗಳಿಗೆಯನ್ನಾದರೂ ಬೆಳಕಿನಲ್ಲಿ ನೋಡುವ ಎಂದು ಕುಕ್ಕರಗಾಲಲ್ಲಿ ಕೂತ.

ಬೆಂಕಿಯ ಕಾವು ಗಾಜಿಗೆ ತಾಗಿತು. ಚಿನ್ನು ಒಂದು ಕಣ್ಣು ತೆರೆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ತೆರೆಯಿತು. ಮೈ ಚಪ್ಪಟೆ ಮಾಡಿ ಕಾವಿನ ಕಡೆ ತಿರುಗಿ ಕೂತಿತು. ಆಮೇಲೆ ಯಾರೂ ಎಣಿಸದ ವೇಗದಲ್ಲಿ ನಾಲಿಗೆ ಹೊರಬಂತು, ಬಾಲದ ಮೇಲಿಂದ ಮೂಗಿನೆದುರಿಗೆ ಹಾರಿದ ಮಿಡತೆ ಮಾಯವಾಯಿತು. ಪೆಟ್ಟಿಗೆಯ ಮೇಲಿನ ಬಲ್ಬು ಯಾಕಿತ್ತು ಎಂಬುದು ಆಗ ನೇತ್ರಾಗೆ ಹೊಳೆಯಿತು. ಮೈ ಬೆಚ್ಚಗಾಗದೆ ಅದಕ್ಕೆ ಹಸಿವೇ ಆಗುವುದಿಲ್ಲ; ಬೆಳಗಿನಿಂದ ಚಳಿಯಲ್ಲಿ ಕೂರಿಸಿ ಊರಿನ ಹುಳಗಳಿಗೆಲ್ಲ ದೋಷ ಹೊರಿಸಿದ್ದೇ ಬಂತು. ನಿತ್ಯಾನಂದ ಡಬ್ಬಿ ಬಗ್ಗಿಸಿದ. ಚಿನ್ನು ಒಂದೊಂದಾಗಿ ಅಷ್ಟೂ ಮಿಡತೆಗಳನ್ನು ತಿಂದಿತು. ನಿತ್ಯಾನಂದನ ಕಣ್ಣಲ್ಲಿ ನೀರು ಬಂತು. ಹೊಗೆಯೆಂದು ಹೇಳಿ ಒರೆಸಿಕೊಂಡ, ಆದರೆ ಅದು ಹೊಗೆಯಲ್ಲ.

ಸಂಜೆ ಕಾರು ಬಂತು. ಧನ್ಯಾ ಪೆಟ್ಟಿಗೆಗೆ ಓಡಿದರು. ಚಿನ್ನುವಿನ ಹೊಟ್ಟೆ ದುಂಡಗಾಗಿತ್ತು, ಮೈಬಣ್ಣ ಹೊಳೆಯುತ್ತಿತ್ತು. ಪುಣೆಯ ಹುಳ ತಿಂದಾಗಲೂ ಇದು ಹೀಗೆ ಇದ್ದದ್ದು ನೋಡಿಲ್ಲ ಎಂದು ಧನ್ಯಾ ಹೇಳಿದರು. ಸುಧಾಕರರು ಅಂಗಳದಲ್ಲೇ ಎಲೆ ಹಾಕಿಸಿಕೊಂಡು ಬೆಳಚಿನ ಸುಕ್ಕ ಮೂರು ಸಲ ಬಡಿಸಿಕೊಂಡರು. ಕೈ ತೊಳೆದು, ನಿತ್ಯಾನಂದನ ಹೆಗಲ ಮೇಲೆ ಕೈ ಹಾಕಿ ಕಾರಿನ ಕಡೆ ನಡೆಸಿಕೊಂಡು ಹೋದರು. ಬೇಲಿಯ ಹತ್ತಿರ ನೇತ್ರಾ ಕಿವಿಗೊಟ್ಟು ನಿಂತಿದ್ದಳು.

"ಒಂದು ಮಾತು ಹೇಳುತ್ತೇನೆ. ನಿನ್ನ ಕುಮಟಾ ಆರ್ಡರಿಗೆ ನಾನು ಶನಿವಾರವೇ ಸೈ ಹಾಕಿದ್ದೆ. ನೀವಿಬ್ಬರೂ ಬರುವ ಮೊದಲೇ," ಎಂದರು ಸುಧಾಕರರು.

ನಿತ್ಯಾನಂದ ಬಗ್ಗಿ ಅವರ ಕಾಲು ಮುಟ್ಟುವುದರಲ್ಲಿದ್ದ. ಅವರು ಅವನನ್ನು ಹಿಡಿದು ಎತ್ತಿದರು.

"ಈಗ ಅದನ್ನು ರದ್ದು ಮಾಡುತ್ತೇನೆ. ಮುಂದಿನ ತಿಂಗಳಿಂದ ಭಟ್ಕಳ ಶಾಖೆ ನಾನೇ ನೋಡಿಕೊಳ್ಳಬೇಕು ಅಂತ ಬೋರ್ಡಿನವರ ತೀರ್ಮಾನ. ಮನೆಯೂ ಅಲ್ಲೇ ಮಾಡುತ್ತಿದ್ದೇವೆ. ಅಲ್ಲಿ ಚಿನ್ನುವಿಗೆ ಯಾರು ಗತಿ ಅಂತ ಒಂದೇ ಚಿಂತೆ ಇತ್ತು. ನಿನ್ನಂಥವನನ್ನು ಕುಮಟೆಯಲ್ಲಿ ಕೂರಿಸಿದರೆ ನನ್ನಂಥ ಮೂರ್ಖ ಯಾರೂ ಇಲ್ಲ. ಆ ಕುರ್ಚಿಗೆ ರಾಜೇಶ ಹೋಗಲಿ. ಅವನಿಂದ ನನಗೆ ಭಟ್ಕಳದಲ್ಲಿ ಎಂತದೂ ಉಪಯೋಗವಿಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಿತ್ಯಾನಂದ ಬಾಯಿಗೆ ಬಂದ ಒಂದು ಕಾರಣವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸರ್, ಈ ಮಿಡತೆ ನಮ್ಮ ಗಜನಿಯಲ್ಲಿ ಮಾತ್ರ ಸಿಗೂದು. ಭಟ್ಕಳದಲ್ಲಿ ಎಲ್ಲಿ ಹುಡುಕಿದ್ರೂ ಸಿಗೂದಿಲ್ಲ," ಎಂದ.

ಸುಧಾಕರರು ಕಾರಿನಲ್ಲಿ ಕೂತು, ಸ್ವಲ್ಪ ಯೋಚಿಸಿ, ತಲೆಯಾಡಿಸಿದರು.

"ಹೌದಲ್ಲ. ಹಾಗಾದರೆ ಭಟ್ಕಳದಲ್ಲಿ ರೂಮು ಗೀಮು ಮಾಡಲಿಕ್ಕೆ ಹೋಗಬೇಡ. ದಿನಾ ಕಾಗಾಲದಿಂದಲೇ ಓಡಾಡು. ಬೆಳಿಗ್ಗೆ ಬಸ್ಸಿಗೆ ಮೊದಲು ಗದ್ದೆಗೆ ಒಂದು ಸುತ್ತು ಹಾಕಿದರೆ ಆಯಿತು, ತಾಜಾ ಸಿಗುತ್ತದೆ."

ನಿತ್ಯಾನಂದ ಕಾರಿನ ಬಾಗಿಲನ್ನು ತಾನೇ ಮೆಲ್ಲಗೆ ಹಾಕಿ, ಡಬ್ಬಿ ಎಷ್ಟು ದೊಡ್ಡದು ಬೇಕೆಂದು ಕೇಳಿದ.